ಸೊಂಟ ಮುರಿದಾಗ ಖನಿಜದ ಮಾತ್ರೆ ಸಾಕೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

ವಾಟ್ಸಾಪ್‌ನಲ್ಲಿ ಒಂದು ಬಗೆಯ ಸಂದೇಶ ಆಗಾಗ ಸುತ್ತು ಹೊಡೆಯುತ್ತಿರುತ್ತದೆ. ಪದಗಳು ಬದಲಾಗುತ್ತವೆ, ಸಾರ ಮಾತ್ರ ಒಂದೇ. ವಯಸ್ಸಾದವರ ಸೊಂಟ ಮುರಿಯುವುದು ದೇಹದಲ್ಲಿ ಸತು, ತಾಮ್ರ, ಮ್ಯಾಂಗನೀಸ್‌ನಂಥ ಖನಿಜಗಳು ಬರಿದಾದ್ದರಿಂದ. ಅವನ್ನು ತುಂಬಿಕೊಟ್ಟರೆ ಮೂಳೆ ತಾನಾಗಿ ಕೂಡಿಕೊಳ್ಳುತ್ತದೆ. ಆಪರೇಷನ್ ಎಂಬುದು ದುಡ್ಡು ಮಾಡುವ ದಾರಿ. ಕೊನೆಗೆ ಒಂದು ಪುಡಿಯದೋ ಮಾತ್ರೆಯದೋ ಹೆಸರು, ಅದರ ಕೆಳಗೆ ಹತ್ತು ಜನರಿಗೆ ಕಳಿಸಿ ಎಂಬ ಕೋರಿಕೆ.

ಇದು ಪೂರ್ತಿ ಸುಳ್ಳಾಗಿದ್ದರೆ ಒಂದೇ ಸಾಲಿನಲ್ಲಿ ಮುಗಿಸಬಹುದಿತ್ತು. ಇದರಲ್ಲಿ ಅರ್ಧ ಸತ್ಯವಿದೆ, ಆದ್ದರಿಂದಲೇ ಜನ ನಂಬುತ್ತಾರೆ. ಮೂಳೆಗೆ ಈ ಖನಿಜಗಳು ಬೇಕು, ಹೌದು. ಕೆಲವು ಹಿರಿಯರಲ್ಲಿ ಅವು ಕಡಿಮೆ ಇರುತ್ತವೆ, ಅದೂ ಹೌದು. ಆದರೆ ಅವನ್ನು ನುಂಗಿಸಿ ಮುರಿದ ಸೊಂಟವನ್ನು ಕೂಡಿಸಬಹುದು ಎಂಬ ಮಾತು ತಪ್ಪು. ಆ ತಪ್ಪಿನ ಬೆಲೆ ಕೆಲವೊಮ್ಮೆ ಒಂದು ಜೀವ.

ಚುಟುಕಾಗಿ ಉತ್ತರ: ಸೊಂಟ ಮುರಿದ ಹೆಚ್ಚಿನವರಿಗೆ ಬೇಕಾದ್ದು ಒಂದೆರಡು ದಿನದೊಳಗೆ ಆಪರೇಷನ್. ಖನಿಜದ ಕೊರತೆಯಿದ್ದರೆ ಅದನ್ನೂ ಸರಿಪಡಿಸಬೇಕು. ಆದರೆ ಆಪರೇಷನ್ನಿನ ಜತೆಜತೆಗೆ, ಅದರ ಬದಲಿಗೆ ಅಲ್ಲ. ಯಾಕೆ ಎಂದು ಈಗ ನೋಡೋಣ.

ಮಾಣಿಯ ಒಂದು ಮನೆ, ಮಳೆಗಾಲದ ಒಂದು ಬೆಳಗ್ಗೆ

ಬಂಟ್ವಾಳ ತಾಲೂಕಿನ ಮಾಣಿಯ ಕಡೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಜುಲೈ ತಿಂಗಳು, ರಾತ್ರಿಯಿಡೀ ಮಳೆ. ಅಂಗಳದ ಕಲ್ಲಿನ ಮೇಲೆ ಪಾಚಿ. ಎಪ್ಪತ್ತೈದು ದಾಟಿದ ಅಜ್ಜಿ ಬೆಳಗ್ಗೆ ಬಚ್ಚಲಿಗೆ ಹೊರಟವರು ಜಾರಿ ಪಕ್ಕಕ್ಕೆ ಬೀಳುತ್ತಾರೆ. ಏಳಲು ಆಗುವುದಿಲ್ಲ. ಒಂದು ಕಾಲು ಗಿಡ್ಡವಾದಂತೆ, ಪಾದ ಹೊರಕ್ಕೆ ತಿರುಗಿದಂತೆ ಕಾಣುತ್ತದೆ. ಮನೆಯವರು ಎತ್ತಿ ಮಂಚದಲ್ಲಿ ಮಲಗಿಸುತ್ತಾರೆ.

ಅಷ್ಟರಲ್ಲಿ ಸುದ್ದಿ ಹಬ್ಬಿ ಫೋನುಗಳು ಶುರು. ಒಬ್ಬರು ಎಣ್ಣೆ ತಿಕ್ಕಿ ಎನ್ನುತ್ತಾರೆ, ಇನ್ನೊಬ್ಬರು ಕಟ್ಟು ಹಾಕಿಸಿ ಎನ್ನುತ್ತಾರೆ. ಫ್ಯಾಮಿಲಿ ಗ್ರೂಪಿಗೆ ಮುಂಬೈಯಿಂದ ಖನಿಜದ ಪುಡಿಯ ಫಾರ್ವರ್ಡ್ ಬರುತ್ತದೆ. 'ಈ ಪ್ರಾಯದಲ್ಲಿ ಆಪರೇಷನ್ ತಡೆದುಕೊಳ್ತಾರಾ?' ಎಂಬ ಪ್ರಶ್ನೆ ಎಲ್ಲರದ್ದೂ. ನೋಡೋಣ, ನೋಡೋಣ ಎನ್ನುತ್ತ ಮೂರ್ನಾಲ್ಕು ದಿನ ಕಳೆಯುತ್ತದೆ.

ಇಲ್ಲಿ ದಾರಿಯ ಕೊರತೆಯಿಲ್ಲ. ಮಾಣಿ ಎಂದರೆ ಬೆಂಗಳೂರು–ಮಂಗಳೂರು ಹೆದ್ದಾರಿ 75ರಿಂದ ಪುತ್ತೂರು, ಸುಳ್ಯ, ಮಡಿಕೇರಿಯ ಮೂಲಕ ಮೈಸೂರಿಗೆ ಹೋಗುವ ಹೆದ್ದಾರಿ 275 ಕವಲೊಡೆಯುವ ಜಾಗ. ಒಂದು ಕಡೆ ಪುತ್ತೂರು, ಇನ್ನೊಂದು ಕಡೆ ಬಿ.ಸಿ. ರೋಡು ದಾಟಿದರೆ ಮಂಗಳೂರು. ಅಲ್ಲಿ 1848ರಲ್ಲಿ ಶುರುವಾದ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯೂ ಇದೆ, ಮೆಡಿಕಲ್ ಕಾಲೇಜುಗಳ ಆಸ್ಪತ್ರೆಗಳೂ ಇವೆ. ಇಂಥ ಊರಿನಲ್ಲೂ ದಿನಗಳು ಹಾಳಾಗುವುದು ರಸ್ತೆಯಲ್ಲಲ್ಲ, ಮನೆಯ ಜಗಲಿಯಲ್ಲಿ.

ಮುರಿಯುವುದು ಯಾವುದು?

'ಸೊಂಟ ಮುರಿಯಿತು' ಎಂದು ನಾವು ಹೇಳುವಾಗ ನಿಜಕ್ಕೂ ಮುರಿದಿರುವುದು ತೊಡೆಮೂಳೆಯ ಮೇಲ್ತುದಿ. ಅದರ ತಲೆ ಚೆಂಡಿನಂತಿದ್ದು ಸೊಂಟದ ಬಟ್ಟಲಿನೊಳಗೆ ಕೂತಿರುತ್ತದೆ. ಚೆಂಡಿನ ಕೆಳಗೆ ಒಂದು ಕುತ್ತಿಗೆ, ಅದರ ಕೆಳಗೆ ದಪ್ಪ ಗಂಟಿನಂಥ ಭಾಗ.

ಕುತ್ತಿಗೆ ಮುರಿದು ಜರುಗಿದರೆ ಚೆಂಡಿಗೆ ರಕ್ತ ಒಯ್ಯುವ ಸಣ್ಣ ನಾಳಗಳೂ ಹರಿಯುತ್ತವೆ. ರಕ್ತವೇ ಹೋಗದ ಮೂಳೆಗೆ ನೀವು ಯಾವ ಖನಿಜ ತಿನ್ನಿಸಿದರೂ ಅದು ಅಲ್ಲಿಗೆ ತಲಪುವುದಿಲ್ಲ. ಆದ್ದರಿಂದ ವಯಸ್ಸಾದವರಲ್ಲಿ ಸಾಮಾನ್ಯವಾಗಿ ಚೆಂಡನ್ನು ತೆಗೆದು ಲೋಹದ ಚೆಂಡನ್ನೋ ಪೂರ್ತಿ ಕೃತಕ ಕೀಲನ್ನೋ ಹಾಕುತ್ತಾರೆ.

ಕೆಳಗಿನ ಗಂಟಿನ ಭಾಗ ಮುರಿದರೆ ರಕ್ತಸಂಚಾರ ಚೆನ್ನಾಗಿರುತ್ತದೆ, ಮೂಳೆ ಕೂಡುವ ಶಕ್ತಿಯೂ ಇರುತ್ತದೆ. ಇಲ್ಲಿ ರಾಡ್ ಅಥವಾ ಪ್ಲೇಟು-ಸ್ಕ್ರೂ ಹಾಕಿ ಹಿಡಿದಿಡುತ್ತಾರೆ. 'ನಮ್ಮ ಅಜ್ಜನಿಗೆ ಆಪರೇಷನ್ ಇಲ್ಲದೆಯೇ ಕೂಡಿತ್ತು' ಎಂಬ ಮಾತುಗಳು ಹೆಚ್ಚಾಗಿ ಈ ಬಗೆಯ ಮುರಿತದ್ದು. ಅದು ಸುಳ್ಳಲ್ಲ. ಆದರೆ ಅದಕ್ಕಾಗಿ ಎರಡು-ಮೂರು ತಿಂಗಳು ಹಾಸಿಗೆಯಲ್ಲೇ ಮಲಗಿರಬೇಕು. ಆ ತಿಂಗಳುಗಳನ್ನು ದಾಟಿದ ಅಜ್ಜನ ಕಥೆ ನಮಗೆ ಕೇಳಸಿಗುತ್ತದೆ. ದಾಟದವರ ಕಥೆಯನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಇಷ್ಟು ಅವಸರ ಏಕೆ?

ವಯಸ್ಸಾದವರ ಜೀವ ತೆಗೆಯುವುದು ಮುರಿದ ಮೂಳೆಯಲ್ಲ, ಮಲಗಿರುವಿಕೆ. ಅಲುಗಾಡದೆ ಮಲಗಿದವರ ಶ್ವಾಸಕೋಶದಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಗುತ್ತದೆ. ಕಾಲಿನ ರಕ್ತನಾಳದಲ್ಲಿ ಗೆಡ್ಡೆ ಕಟ್ಟಿ ಅದು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳಬಹುದು. ಬೆನ್ನು, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಮೂತ್ರದ ಸೋಂಕು, ನೋವಿಗೆ ಊಟ ಬಿಡುವುದು, ಹಗಲು-ರಾತ್ರಿ ಗೊತ್ತಾಗದೆ ಏನೇನೋ ಮಾತಾಡುವುದು, ಎಲ್ಲವೂ ಒಂದರ ಬೆನ್ನಿಗೆ ಒಂದು ಬರುತ್ತವೆ.

ಒಳ್ಳೆಯ ಚಿಕಿತ್ಸೆ ಸಿಕ್ಕಿದರೂ ಸೊಂಟ ಮುರಿದ ಹಿರಿಯರಲ್ಲಿ ಒಂದು ವರ್ಷದೊಳಗೆ ಸುಮಾರು ಐವರಲ್ಲಿ ಒಬ್ಬರಿಂದ ಮೂವರಲ್ಲಿ ಒಬ್ಬರವರೆಗೆ ತೀರಿಕೊಳ್ಳುತ್ತಾರೆ. ಹೀಗಿರುವಾಗ ದಿನಗಳನ್ನು ಸುಮ್ಮನೆ ಕಳೆಯುವಂತಿಲ್ಲ. ಬ್ರಿಟನ್ನಿನ ಮಾರ್ಗಸೂಚಿ ಆಸ್ಪತ್ರೆಗೆ ಸೇರಿದ ದಿನವೇ ಅಥವಾ ಮರುದಿನ ಆಪರೇಷನ್ ಆಗಬೇಕು ಎನ್ನುತ್ತದೆ.

2020ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. 17 ದೇಶಗಳ 69 ಆಸ್ಪತ್ರೆಗಳ 2,970 ರೋಗಿಗಳನ್ನು ಎರಡು ಗುಂಪು ಮಾಡಿದ್ದರು. ಮುರಿತ ಪತ್ತೆಯಾದ ಮೇಲೆ ಒಂದು ಗುಂಪಿಗೆ ಸುಮಾರು 6 ಗಂಟೆಗೆ, ಇನ್ನೊಂದಕ್ಕೆ ಸುಮಾರು 24 ಗಂಟೆಗೆ ಆಪರೇಷನ್ ಆಯಿತು. ಸಾವಿನ ಪ್ರಮಾಣದಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಬೇಗ ಆದವರಲ್ಲಿ ಗೊಂದಲದ ಸ್ಥಿತಿಯೂ ಮೂತ್ರದ ಸೋಂಕೂ ಕಡಿಮೆಯಿದ್ದವು, ಅವರು ಬೇಗ ಎದ್ದು ನಿಂತರು. ಗಮನಿಸಿ, ಇಲ್ಲಿ ಹೋಲಿಕೆ ಗಂಟೆಗಳ ನಡುವೆ. ಮನೆಯಲ್ಲಿ ಪುಡಿ ತಿನ್ನಿಸುತ್ತ ವಾರಗಟ್ಟಲೆ ಕಾಯುವುದು ಈ ಲೆಕ್ಕದಲ್ಲೇ ಇಲ್ಲ.

'ಈ ಪ್ರಾಯದಲ್ಲಿ ತಡೆದುಕೊಳ್ತಾರಾ?' ಎಂಬುದಕ್ಕೆ ಉತ್ತರವೂ ಇಲ್ಲಿಯೇ ಇದೆ. ಆಪರೇಷನ್ನಿನಲ್ಲಿ ಅಪಾಯವಿದೆ. ಆದರೆ ಹೆಚ್ಚಿನವರಿಗೆ ಅದಕ್ಕಿಂತ ದೊಡ್ಡ ಅಪಾಯ ಮಲಗಿರುವುದರಲ್ಲಿದೆ. ಬೇರೆ ಕಾಯಿಲೆಯಿಂದ ಕೊನೆಯ ದಿನಗಳಲ್ಲಿರುವ ಕೆಲವರಿಗೆ ಮಾತ್ರ ವೈದ್ಯರು ಆಪರೇಷನ್ ಬೇಡವೆನ್ನಬಹುದು. ಅದನ್ನು ಪರೀಕ್ಷಿಸಿ ಹೇಳಬೇಕಾದವರು ಅವರು, ಫ್ಯಾಮಿಲಿ ಗ್ರೂಪ್ ಅಲ್ಲ.

ಖನಿಜಕ್ಕೂ ಮೂಳೆಗೂ ಏನು ಸಂಬಂಧ?

ಈಗ ಸಂದೇಶದ ಸತ್ಯದ ಭಾಗಕ್ಕೆ ಬರೋಣ. ಮೂಳೆ ಎಂದರೆ ಬರೀ ಸುಣ್ಣದ ಕೋಲಲ್ಲ. ಮನೆ ಕಟ್ಟುವಾಗ ಕಬ್ಬಿಣದ ಸರಳಿನ ಸುತ್ತ ಕಾಂಕ್ರೀಟು ಹಾಕುವಂತೆ, ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳ ಸುತ್ತ ಕ್ಯಾಲ್ಸಿಯಂ ಮತ್ತು ರಂಜಕ ಕೂತು ಮೂಳೆಯಾಗುತ್ತದೆ. ಈ ಕಟ್ಟಡದಲ್ಲಿ ಸೂಕ್ಷ್ಮ ಖನಿಜಗಳದ್ದು ಮೇಸ್ತ್ರಿಯ ಕೆಲಸ. ಬೇಕಾಗುವುದು ಸ್ವಲ್ಪವೇ, ಆದರೆ ಇಲ್ಲದಿದ್ದರೆ ಕೆಲಸ ನಡೆಯುವುದಿಲ್ಲ.

- ತಾಮ್ರ ಕೊಲಾಜನ್ ಎಳೆಗಳನ್ನು ಒಂದಕ್ಕೊಂದು ಹೆಣೆಯುವ ಕಿಣ್ವಕ್ಕೆ ಬೇಕು.
- ಸತು, ಅಂದರೆ ಜಿಂಕ್, ಮೂಳೆ ಗಟ್ಟಿಯಾಗಲು ನೆರವಾಗುವ ಕಿಣ್ವಕ್ಕೆ ಬೇಕು. ಗಾಯ ಮಾಯುವುದಕ್ಕೂ ಬೇಕು.
- ಮ್ಯಾಂಗನೀಸ್ ಮೂಳೆ ಮತ್ತು ಮೃದ್ವಸ್ಥಿಯ ಆಧಾರವಸ್ತು ತಯಾರಾಗಲು ಬೇಕು.
- ಕಬ್ಬಿಣ ರಕ್ತಕ್ಕೆ ಬೇಕು. ಸೊಂಟ ಮುರಿದವರ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಫಾರ್ವರ್ಡುಗಳು ಮರೆಯುವುದೂ ಇದನ್ನೇ.

ಹಾಗಾದರೆ ಮಾತ್ರೆ ಕೊಟ್ಟು ನೋಡಿದ ಸಂಶೋಧನೆ ಇಲ್ಲವೇ? ಇದೆ. ಅಮೆರಿಕದ ಸ್ಯಾನ್ ಡಿಯೇಗೋದಲ್ಲಿ ಪಾಲ್ ಸಾಲ್ಟ್‌ಮನ್ ಎಂಬ ವಿಜ್ಞಾನಿ ಈ ವಿಷಯದಲ್ಲಿ ಬಹುಕಾಲ ಕೆಲಸ ಮಾಡಿದ್ದರು. ಪಾದದ ಮೂಳೆ ಮತ್ತೆ ಮತ್ತೆ ಮುರಿಯುತ್ತಿದ್ದ ಬಾಸ್ಕೆಟ್‌ಬಾಲ್ ಆಟಗಾರ ಬಿಲ್ ವಾಲ್ಟನ್ ಅವರ ರಕ್ತದಲ್ಲಿ ಮ್ಯಾಂಗನೀಸ್ ಪತ್ತೆಯಾಗುವಷ್ಟೂ ಇರಲಿಲ್ಲ ಎಂಬ ಕಥೆ ಅಲ್ಲಿಂದಲೇ ಹುಟ್ಟಿದ್ದು. ಖನಿಜ ಕೊಟ್ಟ ಮೇಲೆ ಅವರು ಆಟಕ್ಕೆ ಮರಳಿದರು ಎನ್ನುವಲ್ಲಿಗೆ ಕಥೆ ನಿಲ್ಲುತ್ತದೆ. ಮುಂದೆಯೂ ಅವರಿಗೆ ಪಾದದ ತೊಂದರೆ ಬಿಡಲಿಲ್ಲ, ಹಲವು ಆಪರೇಷನ್ ಆದವು ಎಂಬುದನ್ನು ಯಾರೂ ಹೇಳುವುದಿಲ್ಲ. ಅಲ್ಲದೆ ಒಬ್ಬ ಯುವ ಆಟಗಾರನ ಪಾದ ಬೇರೆ, ಬಚ್ಚಲಲ್ಲಿ ಬಿದ್ದ ಅಜ್ಜಿಯ ಸೊಂಟ ಬೇರೆ.

ಅದೇ ತಂಡ 1994ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಮುಟ್ಟು ನಿಂತ 59 ಆರೋಗ್ಯವಂತ ಮಹಿಳೆಯರಿಗೆ ಎರಡು ವರ್ಷ ಬೇರೆ ಬೇರೆ ಮಾತ್ರೆ ಕೊಟ್ಟರು. ಏನೂ ಇಲ್ಲದ ಮಾತ್ರೆ ತಿಂದವರ ಬೆನ್ನುಮೂಳೆಯ ಸಾಂದ್ರತೆ ಸುಮಾರು 3.5 ಶೇಕಡ ಇಳಿಯಿತು. ಕ್ಯಾಲ್ಸಿಯಂ ಜತೆಗೆ ಸತು, ತಾಮ್ರ, ಮ್ಯಾಂಗನೀಸ್ ತಿಂದವರದ್ದು ಸುಮಾರು 1.5 ಶೇಕಡ ಏರಿತು. ಒಳ್ಳೆಯ ಫಲಿತಾಂಶವೇ. ಆದರೆ ಅಳೆದದ್ದು ಬೆನ್ನನ್ನು, ಸೊಂಟವನ್ನಲ್ಲ. ಮುರಿತ ಕಡಿಮೆಯಾಯಿತೇ ಎಂದೂ ನೋಡಿದ್ದಲ್ಲ. ಮುರಿದ ಮೂಳೆ ಕೂಡುತ್ತದೆಯೇ ಎಂಬುದಂತೂ ಅಲ್ಲಿ ಪ್ರಶ್ನೆಯೇ ಆಗಿರಲಿಲ್ಲ. 59 ಮಂದಿಯ ಬೆನ್ನಿನ ಅಳತೆಯಿಂದ 'ಸೊಂಟ ಕೂಡಿಸುವ ಪುಡಿ'ಯವರೆಗೆ ಹೋಗುವುದು ಬಹಳ ದೊಡ್ಡ ಜಿಗಿತ.

ನಿಜವಾದ ಕೊರತೆ ಯಾರಲ್ಲಿ?

ಎಲ್ಲ ಹಿರಿಯರಲ್ಲೂ ಅಲ್ಲ. ಆದರೆ ಕೆಲವರಲ್ಲಿ ವೈದ್ಯರು ಹುಡುಕಿ ನೋಡಬೇಕಾಗುತ್ತದೆ.

- ಜಠರ ಅಥವಾ ಕರುಳಿನ ಆಪರೇಷನ್ ಆದವರು, ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡವರು
- ಬಹುಕಾಲದ ಭೇದಿ ಅಥವಾ ಆಹಾರ ಸರಿಯಾಗಿ ಹೀರಿಕೊಳ್ಳದ ಕಾಯಿಲೆ ಇರುವವರು
- ಲಿವರ್ ಕೆಟ್ಟವರು, ಅತಿಯಾಗಿ ಕುಡಿಯುವವರು
- ಗ್ಯಾಸ್ಟ್ರಿಕ್ ಮಾತ್ರೆ, ಮೂತ್ರ ಹೋಗುವ ಮಾತ್ರೆಗಳನ್ನು ವರ್ಷಗಟ್ಟಲೆ ತೆಗೆದುಕೊಳ್ಳುವವರು. ಇವರಲ್ಲಿ ಮೆಗ್ನೀಸಿಯಂ ಇಳಿದಿರಬಹುದು
- ಊಟವೇ ಕಡಿಮೆಯಾದವರು

ಕೊನೆಯ ಗುಂಪು ನಮ್ಮ ಮನೆಗಳಲ್ಲೇ ಇದೆ. ಹಲ್ಲು ಹೋಗಿದೆ, ಹಸಿವಿಲ್ಲ, ಮೀನು ಮುಳ್ಳಿನ ಭಯ, ಬೇಳೆ ತಿಂದರೆ ವಾಯು. ಕೊನೆಗೆ ಮೂರು ಹೊತ್ತೂ ಗಂಜಿ, ಉಪ್ಪಿನಕಾಯಿ. ಕುಚ್ಚಲಕ್ಕಿ ಗಂಜಿ ಒಳ್ಳೆಯದೇ, ಆದರೆ ಅದರೊಂದರಿಂದಲೇ ದೇಹ ನಡೆಯುವುದಿಲ್ಲ. ಹೀಗೆ ತಿನ್ನುವವರಲ್ಲಿ ಒಂದು ಖನಿಜ ಮಾತ್ರ ಕಡಿಮೆ ಇರುವುದು ಅಪರೂಪ. ಪ್ರೋಟೀನ್, ಕಬ್ಬಿಣ, ಸತು, ಕ್ಯಾಲ್ಸಿಯಂ ಎಲ್ಲವೂ ಒಟ್ಟಿಗೆ ಇಳಿದಿರುತ್ತವೆ. ಮನೆಯೊಳಗೇ ಇರುವವರಲ್ಲಿ ವಿಟಮಿನ್ ಡಿ ಕೂಡ. ಇಷ್ಟು ಬಿಸಿಲಿರುವ ನಾಡಿನಲ್ಲೂ ವಿಟಮಿನ್ ಡಿ ಕೊರತೆ ವ್ಯಾಪಕ. ಅದಿಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಸರಿಯಾಗಿ ಮೈಗೆ ಹತ್ತುವುದಿಲ್ಲ, ಸ್ನಾಯುಗಳೂ ಸೋಲುತ್ತವೆ.

ರಿಪೋರ್ಟ್‌ನಲ್ಲಿ 'ಕಡಿಮೆ' ಎಂದಿದ್ದರೆ?

ಇಲ್ಲೊಂದು ಬಲೆಯಿದೆ. ಮೂಳೆ ಮುರಿದಾಗ, ಆಪರೇಷನ್ ಆದಾಗ, ಸೋಂಕು ಬಂದಾಗ ದೇಹ ಒಂದು ಬಗೆಯ ತುರ್ತುಸ್ಥಿತಿಗೆ ಹೋಗುತ್ತದೆ. ಆಗ ರಕ್ತದಲ್ಲಿರುವ ಸತುವನ್ನು ಲಿವರ್ ಒಳಕ್ಕೆ ಎಳೆದುಕೊಳ್ಳುತ್ತದೆ. ರಕ್ತದ ಕಬ್ಬಿಣವೂ ಇಳಿಯುತ್ತದೆ. ತಾಮ್ರ ಮಾತ್ರ ಏರುತ್ತದೆ.

ಅಂದರೆ ಬಿದ್ದ ಮರುದಿನ ಪರೀಕ್ಷೆ ಮಾಡಿಸಿದರೆ, ಚೆನ್ನಾಗಿ ಉಂಡು ತಿಂದು ಇದ್ದವರಲ್ಲೂ ಸತು 'ಕಡಿಮೆ' ಎಂದೇ ಬರಬಹುದು. ನಿಜಕ್ಕೂ ತಾಮ್ರ ಕಡಿಮೆಯಿರುವವರಲ್ಲಿ ಅದು 'ಸರಿಯಾಗಿದೆ' ಎಂದು ಬರಬಹುದು. ಆ ಕಾಗದವನ್ನು ಹಿಡಿದು 'ನೋಡಿ, ಇದೇ ಕಾರಣ' ಎಂದು ಯಾರಾದರೂ ಪುಡಿ ಮಾರಿದರೆ ನಂಬಬೇಡಿ. ಕೂದಲು ಕಳಿಸಿ ಖನಿಜ ಅಳೆಯುವ ಪರೀಕ್ಷೆಯೂ ಇದಕ್ಕೆ ಭರವಸೆಯ ಆಧಾರವಲ್ಲ. ವೈದ್ಯರು ರೋಗಿಯ ಊಟ, ತೂಕ, ಹಳೆಯ ಕಾಯಿಲೆ, ಮಾತ್ರೆಗಳನ್ನು ನೋಡಿ, ಬೇಕಿದ್ದರೆ ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷಿಸಿ ತೀರ್ಮಾನಿಸುತ್ತಾರೆ.

ಕೊರತೆಯಿರುವ ರೋಗಿಗೆ ಚಿಕಿತ್ಸೆ ಹೇಗೆ ನಡೆಯುತ್ತದೆ?

ಆಪರೇಷನ್ನಿಗೆ ಮೊದಲು: ನೋವು ಇಳಿಸುತ್ತಾರೆ. ರಕ್ತ, ಕಿಡ್ನಿ, ಸೋಡಿಯಂ, ಪೊಟ್ಯಾಸಿಯಂ, ಹೃದಯ ನೋಡುತ್ತಾರೆ. ಮುಖ್ಯವಾಗಿ ಹಿಮೋಗ್ಲೋಬಿನ್. ಸೊಂಟದ ಮುರಿತದಲ್ಲಿ ರಕ್ತ ಹೊರಗೆ ಕಾಣುವುದಿಲ್ಲ, ತೊಡೆಯೊಳಗೇ ಸಾಕಷ್ಟು ಸೋರುತ್ತದೆ. ಮೊದಲೇ ಕಬ್ಬಿಣ ಕಡಿಮೆಯಿದ್ದ ಅಜ್ಜಿಗೆ ಇದು ದೊಡ್ಡ ಹೊಡೆತ. ಹಿಮೋಗ್ಲೋಬಿನ್ ತೀರಾ ಇಳಿದರೆ ರಕ್ತ ಕೊಡುತ್ತಾರೆ, ಏಕೆಂದರೆ ಕಬ್ಬಿಣದ ಮಾತ್ರೆ ಕೆಲಸ ಮಾಡಲು ವಾರಗಳು ಬೇಕು. ಎಷ್ಟು ಇಳಿದರೆ ಕೊಡಬೇಕು ಎಂಬುದನ್ನೂ ಅಧ್ಯಯನ ಮಾಡಿದ್ದಾರೆ. ಸೊಂಟದ ಆಪರೇಷನ್ ಆದ 2,016 ಮಂದಿಯ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 10ಕ್ಕಿಂತ ಕೆಳಗಿಳಿದ ಕೂಡಲೇ ರಕ್ತ ಕೊಟ್ಟವರಿಗೂ 8ರವರೆಗೆ ಕಾದವರಿಗೂ ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಸತು, ತಾಮ್ರ ಸರಿಯಾಗಲಿ ಎಂದು ಆಪರೇಷನ್ ಮುಂದೂಡುವುದಿಲ್ಲ. ಅದಕ್ಕೆ ವಾರಗಳೇ ಹಿಡಿಯುತ್ತವೆ, ಅಷ್ಟು ಸಮಯ ರೋಗಿಯ ಬಳಿ ಇಲ್ಲ.

ಆಪರೇಷನ್ ಆದ ಮೇಲೆ: ಮರುದಿನವೇ ಎಬ್ಬಿಸಿ ಕೂರಿಸಿ, ಆದರೆ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. 'ಪಾಪ, ಮಲಗಲಿ' ಎಂದು ಮನೆಯವರು ತಡೆಯುವುದುಂಟು. ತಡೆಯಬೇಡಿ. ಆಪರೇಷನ್ ಮಾಡಿಸಿದ್ದೇ ಬೇಗ ಎದ್ದೇಳಲಿ ಎಂದು.

ಊಟ ಈಗ ಔಷಧಿಯಷ್ಟೇ ಮುಖ್ಯ. ಪ್ರೋಟೀನ್ ಹೆಚ್ಚಿಸುತ್ತಾರೆ, ವಿಟಮಿನ್ ಡಿ ಮತ್ತು ಕ್ಯಾಲ್ಸಿಯಂ ಕೊಡುತ್ತಾರೆ. ಬಹಳ ದಿನ ಏನೂ ತಿನ್ನದೆ ಸೊರಗಿದವರಿಗೆ ಒಮ್ಮೆಲೇ ಹೊಟ್ಟೆತುಂಬ ಉಣ್ಣಿಸಬಾರದು. ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ರಕ್ತದಲ್ಲಿ ಥಟ್ಟನೆ ಕುಸಿಯುವ ಅಪಾಯವಿದೆ, ಆದ್ದರಿಂದ ನಿಧಾನವಾಗಿ ಏರಿಸುತ್ತಾರೆ. ಮೆಗ್ನೀಸಿಯಂ ಕಡಿಮೆಯಿದ್ದರೆ ಅದನ್ನು ಸರಿಮಾಡದೆ ಕ್ಯಾಲ್ಸಿಯಂ ಏರುವುದಿಲ್ಲ. ಸತು, ತಾಮ್ರದ ಕೊರತೆ ಖಚಿತವಾದವರಿಗೆ ಅಳತೆ ಮಾಡಿ, ಗೊತ್ತಾದ ಅವಧಿಗೆ ಕೊಡುತ್ತಾರೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು ಒಂದೇ ಹೊತ್ತಿಗೆ ಕೊಡಬೇಡಿ, ಕಬ್ಬಿಣದ ಮಾತ್ರೆಯ ಜತೆ ಚಹಾವೂ ಬೇಡ.

ಮನೆಗೆ ಬಂದ ಮೇಲೆ: ಒಮ್ಮೆ ಸೊಂಟ ಮುರಿದದ್ದು ಎಂದರೆ ಮೂಳೆ ಸವೆದಿದೆ ಎಂಬ ಎಚ್ಚರಿಕೆ. ಇನ್ನೊಂದು ಸೊಂಟವೂ ಮುರಿಯಬಹುದು. ಇದನ್ನು ತಡೆಯುವ ಔಷಧಿಗಳಿವೆ. ಸೊಂಟದ ಆಪರೇಷನ್ ಆದ 2,127 ಮಂದಿಯ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ಷಕ್ಕೊಮ್ಮೆ ಕೊಡುವ ಜೊಲೆಡ್ರಾನಿಕ್ ಆಸಿಡ್ ಎಂಬ ಡ್ರಿಪ್‌ನಿಂದ ಹೊಸ ಮುರಿತಗಳು 35 ಶೇಕಡ, ಸಾವು 28 ಶೇಕಡ ಕಡಿಮೆಯಾದವು. ಖನಿಜದ ಯಾವ ಪುಡಿಯೂ ಇಂಥ ಫಲಿತಾಂಶ ತೋರಿಸಿಲ್ಲ. ಇದನ್ನು ಕೊಡುವ ಮೊದಲು ಕಿಡ್ನಿ, ವಿಟಮಿನ್ ಡಿ, ಕ್ಯಾಲ್ಸಿಯಂ ಸರಿಯಿರಬೇಕು. ಹೊಲಿಗೆ ಬಿಚ್ಚಿಸಲು ಹೋದಾಗ 'ಮೂಳೆ ಸವೆತಕ್ಕೆ ಏನು ಕೊಡ್ತೀರಿ ಡಾಕ್ಟ್ರೇ?' ಎಂದು ಕೇಳಿ. ಹೆಚ್ಚಿನ ಮನೆಗಳಲ್ಲಿ ಮರೆತುಹೋಗುವ ಪ್ರಶ್ನೆ ಇದೇ.

ಸ್ವಲ್ಪ ಹೆಚ್ಚು ತಿಂದರೆ ಏನು ತೊಂದರೆ?

'ಖನಿಜ ತಾನೆ, ಒಳ್ಳೆಯದೇ ಆಗುತ್ತದೆ' ಎಂಬುದು ಎರಡನೇ ತಪ್ಪು.

ಸತುವನ್ನೇ ನೋಡಿ. ಐಸಿಎಂಆರ್ 2020ರ ಶಿಫಾರಸಿನಂತೆ ಗಂಡಸರಿಗೆ ದಿನಕ್ಕೆ 17, ಹೆಂಗಸರಿಗೆ 13.2 ಮಿಲಿಗ್ರಾಂ ಸಾಕು. ಕೊರೊನಾ ಕಾಲದಲ್ಲಿ ಶುರುಮಾಡಿದ 50 ಮಿಲಿಗ್ರಾಂ ಮಾತ್ರೆಯನ್ನು ಕೆಲವರು ಇನ್ನೂ ಬಿಟ್ಟಿಲ್ಲ. ಬಹುಕಾಲ ಅತಿಯಾಗಿ ಸತು ತಿಂದರೆ ಕರುಳು ತಾಮ್ರವನ್ನು ಒಳಗೆ ಬಿಡುವುದಿಲ್ಲ. ತಾಮ್ರ ಇಳಿದರೆ ರಕ್ತಹೀನತೆ ಬರುತ್ತದೆ, ಬೆನ್ನುಹುರಿ ಕೆಟ್ಟು ಕಾಲು ಜೋಮು ಹಿಡಿದು ನಡಿಗೆ ತೂರಾಡುತ್ತದೆ. ತೂರಾಡುವವರು ಬೀಳುತ್ತಾರೆ. ಮೂಳೆ ಉಳಿಸಲು ತಿಂದ ಮಾತ್ರೆಯೇ ಸೊಂಟ ಮುರಿಸುವ ದಾರಿಯಾಗಬಹುದು.

ಇನ್ನೊಂದು ಪಾಠ ಫ್ಲೋರೈಡ್‌ನದ್ದು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಗದಗದಂಥ ಬಯಲುಸೀಮೆಯ ಹಲವೆಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದು ಜನರ ಹಲ್ಲು, ಮೂಳೆ ಹಾಳಾದದ್ದು ನಮಗೆ ಗೊತ್ತು. ಅದೇ ಫ್ಲೋರೈಡನ್ನು ಒಂದು ಕಾಲದಲ್ಲಿ ಮೂಳೆ ಸವೆತಕ್ಕೆ ಔಷಧಿಯಾಗಿ ಪ್ರಯತ್ನಿಸಿದ್ದರು. 1990ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 202 ಮಹಿಳೆಯರಲ್ಲಿ ಕೆಲವರಿಗೆ ಫ್ಲೋರೈಡ್, ಉಳಿದವರಿಗೆ ಖಾಲಿ ಮಾತ್ರೆ ಕೊಟ್ಟರು. ನಾಲ್ಕು ವರ್ಷದಲ್ಲಿ ಫ್ಲೋರೈಡ್ ತಿಂದವರ ಬೆನ್ನುಮೂಳೆಯ ಸಾಂದ್ರತೆ 35 ಶೇಕಡ ಏರಿತು. ಆದರೆ ಬೆನ್ನು ಬಿಟ್ಟು ಬೇರೆ ಕಡೆಯ ಮುರಿತಗಳು ಅವರಲ್ಲೇ ಹೆಚ್ಚಾದವು! ಮೂಳೆ ದಪ್ಪವಾಗಿತ್ತು, ಗಟ್ಟಿಯಾಗಿರಲಿಲ್ಲ. ಖನಿಜ ತುಂಬಿದ ಮಾತ್ರಕ್ಕೆ ಮೂಳೆ ಬಲವಾಗುವುದಿಲ್ಲ.

ವೀಳ್ಯದ ಸುಣ್ಣವನ್ನು ಗೋಧಿಕಾಳಿನಷ್ಟು ತಿಂದರೆ ಮುರಿದ ಮೂಳೆ ಕೂಡುತ್ತದೆ ಎಂಬ ಫಾರ್ವರ್ಡ್ ಕೂಡ ಇದೇ ಸಾಲಿನದ್ದು. ಸುಣ್ಣದಲ್ಲಿ ಕ್ಯಾಲ್ಸಿಯಂ ಇದೆ ನಿಜ, ಆದರೆ ಅದು ಬಾಯಿ, ಅನ್ನನಾಳ ಸುಡುವ ಕ್ಷಾರ. ಹಾಲು, ಮೊಸರು, ಮುಳ್ಳು ಸಮೇತ ತಿನ್ನುವ ಸಣ್ಣ ಮೀನು ಇರುವಾಗ ಅದರ ಅಗತ್ಯವಿಲ್ಲ.

ಕಟ್ಟು ಹಾಕಿಸಿದರೆ ಆಗದೇ?

ಬೆಂಗಳೂರು, ಕೋಲಾರದ ಕಡೆ 'ಪುತ್ತೂರು ಕಟ್ಟು' ಎಂಬ ಮಾತಿದೆ. ಅದು ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದ ಪುತ್ತೂರು. ಆ ಕಟ್ಟಾಗಲಿ, ನಮ್ಮೂರಿನ ನಾಟಿ ಕಟ್ಟಾಗಲಿ, ಕೈಗೋ ಮುಂಗಾಲಿಗೋ ಬಿಗಿದು ಕಟ್ಟಬಹುದು. ತೊಡೆಮೂಳೆಯ ಮೇಲ್ತುದಿ ದಪ್ಪ ಸ್ನಾಯುಗಳ ಒಳಗೆ, ಆಳದಲ್ಲಿದೆ. ಹೊರಗಿನ ಯಾವ ಕಟ್ಟೂ ಅದನ್ನು ಹಿಡಿದಿಡಲಾರದು. ಎಳೆದು, ತಿಕ್ಕಿ ಕೂಡಿಸಲು ಹೋದರೆ ಉಳಿದಿರುವ ರಕ್ತನಾಳವೂ ಹರಿಯಬಹುದು.

ಬಿದ್ದ ಕೂಡಲೇ ಏನು ಮಾಡಬೇಕು?

- ಎಬ್ಬಿಸಿ ನಡೆಸಿ ನೋಡಬೇಡಿ. ಎಣ್ಣೆ ತಿಕ್ಕಬೇಡಿ, ಕಾಲು ಎಳೆಯಬೇಡಿ.
- ಕಾಲಿನ ಎರಡೂ ಬದಿಗೆ ದಿಂಬು ಇಟ್ಟು, ಅಲುಗಾಡದಂತೆ ಮಾಡಿ 108ಕ್ಕೆ ಕರೆ ಮಾಡಿ.
- ನಡೆಯಲು ಆಗುತ್ತಿದೆ ಎಂದು ನಿಶ್ಚಿಂತರಾಗಬೇಡಿ. ಒಂದರೊಳಗೊಂದು ಸಿಕ್ಕಿಕೊಂಡ ಮುರಿತದಲ್ಲಿ ಕುಂಟುತ್ತ ನಡೆಯುವವರೂ ಇದ್ದಾರೆ. ಎಕ್ಸ್-ರೇಯಲ್ಲಿ ಕಾಣದೆ ನೋವು ಮುಂದುವರಿದರೆ ಎಂಆರ್‌ಐ ಅಥವಾ ಸಿಟಿ ಸ್ಕ್ಯಾನ್ ಬೇಕಾಗಬಹುದು.
- ತಿನ್ನುತ್ತಿರುವ ಎಲ್ಲ ಮಾತ್ರೆಗಳನ್ನು ಒಂದು ಚೀಲದಲ್ಲಿ ಹಾಕಿ ಜತೆಗೆ ಒಯ್ಯಿರಿ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಮೊದಲೇ ಹೇಳಿ. ಜಿಂಕ್, ಕ್ಯಾಲ್ಸಿಯಂ, ನಾಟಿ ಪುಡಿಗಳನ್ನೂ ತೋರಿಸಿ.
- ಕೊನೆಯ ಬಾರಿ ಯಾವಾಗ ಊಟ ಮಾಡಿದ್ದು ಎಂದು ನೆನಪಿಡಿ.
- ಬಿಪಿಎಲ್ ಕಾರ್ಡ್, ಆಧಾರ್ ಒಯ್ಯಿರಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ 30 ಶೇಕಡ ಸಿಗುತ್ತದೆ. ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ.

ಬೀಳದಂತೆ, ಸವೆಯದಂತೆ

ಖನಿಜ ಬೇಕೆಂದರೆ ನಮ್ಮ ಅಡುಗೆಮನೆಯಲ್ಲೇ ಇದೆ. ಬೂತಾಯಿ, ಬಂಗುಡೆ, ಮರುವಾಯಿ, ಮೊಟ್ಟೆ. ಮೀನು ತಿನ್ನದವರಿಗೆ ಹುರುಳಿ, ಹೆಸರು, ಅಲಸಂಡೆ, ಎಳ್ಳು, ಹಾಲು, ಮೊಸರು. ಕಾಳುಗಳಲ್ಲಿ ಸತುವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಇರುತ್ತದೆ. ನೆನೆಸಿ, ಮೊಳಕೆ ಬರಿಸಿ, ಹುಳಿ ಬರಿಸಿದರೆ ಅದು ಇಳಿಯುತ್ತದೆ. ಹಲ್ಲಿಲ್ಲದ ಅಜ್ಜಿಗೆ ಹುರುಳಿ ಬೇಯಿಸಿ ಅರೆದ ಸಾರು, ಮುಳ್ಳು ಬಿಡಿಸಿದ ಮೀನು, ಗಂಜಿಗೆ ಬೆರೆಸಿದ ಬೆಂದ ಹೆಸರು ಕೊಡಬಹುದು. ಗಂಜಿ ಬಿಡಿಸಬೇಕಿಲ್ಲ, ಅದರ ಜತೆಗೆ ಏನಾದರೂ ಇರಲಿ.

ಇನ್ನು ಮನೆ. ಮಳೆಗಾಲಕ್ಕೆ ಮೊದಲು ಅಂಗಳದ ಪಾಚಿ ಕೆರೆಸಿ. ಬಚ್ಚಲಲ್ಲಿ ಗೋಡೆಗೆ ಹಿಡಿಕೆ ಹಾಕಿಸಿ. ರಾತ್ರಿ ದಾರಿಯಲ್ಲಿ ಒಂದು ಸಣ್ಣ ಬಲ್ಬ್ ಉರಿಯಲಿ. ಹೊಸ್ತಿಲ ಬಳಿಯ ಗೋಣಿತಾಟು ತೆಗೆಯಿರಿ. ಸವೆದ ಹವಾಯಿ ಚಪ್ಪಲಿ ಬದಲಿಸಿ. ಕಣ್ಣಿನ ಪೊರೆ ಇದ್ದರೆ ಆಪರೇಷನ್ ಮಾಡಿಸಿ. ನಿದ್ದೆ ಮಾತ್ರೆ, ಬಿಪಿ ಮಾತ್ರೆಯಿಂದ ತಲೆ ತಿರುಗುತ್ತಿದ್ದರೆ ವೈದ್ಯರಿಗೆ ಹೇಳಿ.

ಕೊನೆಯದಾಗಿ

ಖನಿಜದ ಕೊರತೆ ಕೆಲವರಲ್ಲಿ ನಿಜ, ಅದಕ್ಕೆ ಚಿಕಿತ್ಸೆಯೂ ಇದೆ. ಆದರೆ ಮುರಿದ ಸೊಂಟದ ಎದುರು ಅದು ಎರಡನೇ ಕೆಲಸ. ಮೊದಲ ಕೆಲಸ ಆಸ್ಪತ್ರೆಗೆ ಹೊರಡುವುದು, ಅದೂ ಇವತ್ತೇ.

ನಿಮ್ಮ ಗ್ರೂಪಿನಲ್ಲಿ ಆ ಪುಡಿಯ ಸಂದೇಶ ಬಂದರೆ ಕಳಿಸಿದವರ ಮೇಲೆ ಸಿಟ್ಟಾಗಬೇಡಿ. ಅವರೂ ಅಜ್ಜಿಯ ಒಳ್ಳೆಯದಕ್ಕೇ ಕಳಿಸಿದ್ದು. ಅದರ ಕೆಳಗೆ ಇಷ್ಟು ಬರೆದರೆ ಸಾಕು: 'ಪುಡಿ ಆಮೇಲೆ ನೋಡೋಣ, ಮೊದಲು 108ಕ್ಕೆ ಫೋನ್ ಮಾಡಿ.'